ಎರಡು ಸೇರು

ಕೊಳ್ಳುವುದಕ್ಕೊಂದು, ಮಾರುವುದಕ್ಕೊಂದು ಸೇರಿಟ್ಟ ವರ್ತಕನನ್ನು ಅಕ್ಕಿಪೇಟೆಯಲ್ಲಿ ವಂಚಕನೆನ್ನುವೆವು. ನಮ್ಮ ಕ್ರೈಸ್ತಸಭೆಯನ್ನು ಏನೆನ್ನೋಣ? 1947ನೆಯ ಸೆಪ್ಟೆಂಬರ್ 27ರಂದು ಸ್ಥಾಪಿತವಾದ ದಕ್ಷಿಣ ಭಾರತ ಸಭೆಯು, ಬಿಷಪ್ಪರ ಹಸ್ತಾರ್ಪಣೆಯಿಲ್ಲದ ಪ್ರೆಸ್ಬಿಟೇರಿಯನ್ ಬೋಧಕರನ್ನು ಪುನರ್ದೀಕ್ಷೆ ಕೇಳದೆಯೇ ಸ್ವೀಕರಿಸಿತು. ಐಕ್ಯಕ್ಕಾಗಿ ಆಂಗ್ಲಿಕನ್ನರ ಹಳೆಯ ನಿಯಮವೇ ಸಡಿಲಿತು. ಈಗ ಸಮಲಿಂಗಪ್ರೇಮಿಯೊಬ್ಬನು ಬೋಧಕಪದವಿಯನ್ನು ಬೇಡಿದರೆ ಮಾತ್ರ ಪರಂಪರೆಯು ಅಲುಗದ ಬಂಡೆ!

ಪಾಶ್ಚಾತ್ಯರ ಗಾಳಿಯೆನ್ನುವಿರಾ? ಅಮೆರಿಕದ ಪ್ರೆಸ್ಬಿಟೇರಿಯನ್ ಸಭೆಯು 2011ರಲ್ಲಿ ಇಂಥವರಿಗೆ ಆ ಪದವಿಯನ್ನು ತೆರೆದುದು ನಿಜ. ಆದರೆ ಇವರನ್ನು ಅಪರಾಧಿಗಳೆಂದ 377ನೆಯ ಕಲಮೇ 1860ರ ಆಂಗ್ಲರ ಕೊಡುಗೆ. 2018ರಲ್ಲಿ ಇವರನ್ನು ಅದರಿಂದ ಬಿಡಿಸಿದುದು ನಮ್ಮದೇ ಸರ್ವೋಚ್ಚ ನ್ಯಾಯಾಲಯ. ಶಾಸ್ತ್ರವೆನ್ನುವಿರಾ? ಧರ್ಮೋಪದೇಶಕಾಂಡವು ಹೊರಗಿರಿಸಿದ್ದ ಕಂಚುಕಿಗೆ ಫಿಲಿಪ್ಪನು ದಾರಿಯಲ್ಲಿಯೇ ದೀಕ್ಷಾಸ್ನಾನ ಕೊಟ್ಟನಷ್ಟೆ. ಗಾಯನವೃಂದಕ್ಕೆ ಇವರ ಕಂಠವೂ ಪೆಟ್ಟಿಗೆಗೆ ಇವರ ಕಾಣಿಕೆಯೂ ಸಲ್ಲುತ್ತಿರುವಾಗ, ಬೋಧಕಪೀಠವನ್ನು ನಿರಾಕರಿಸುವ ಕಾರಣವನ್ನು ಸಿನಡ್ಡಿನವರು ಬರೆದು ತಿಳಿಸಲಿ.