ಊರು ಕಟ್ಟಿದರೆ ವಿಶ್ವವಿದ್ಯಾಲಯ



2025ರ ಫೆಬ್ರುವರಿಯಲ್ಲಿ ರಾಜ್ಯದ ಸಂಪುಟ ಉಪಸಮಿತಿಯು ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಅಭಿಪ್ರಾಯ ತಾಳಿದಾಗ ಆ ಪಟ್ಟಿಯಲ್ಲಿ ಹಾವೇರಿಯೂ ಇತ್ತು. 2023ರಲ್ಲಿ ಕಣ್ಣು ತೆರೆದ ಕೂಸಿಗೆ ಎರಡು ವರ್ಷ ತುಂಬುವ ಮೊದಲೇ ಮರಣಶಾಸನದ ಮಾತು! ಹಣವಿಲ್ಲ, ಭೂಮಿಯಿಲ್ಲ, ಸಿಬ್ಬಂದಿಯಿಲ್ಲ ಎಂಬುದು ಸರಕಾರದ ವಾದ. ಆದರೆ ನನ್ನನ್ನು ಹೆಚ್ಚು ನೋಯಿಸಿದ್ದು ನಮ್ಮವರೇ ಆಡಿದ ಮಾತು: "ಧಾರವಾಡ ಐತಲ್ಲ, ಇಲ್ಲ್ಯಾಕ ಬೇಕು?"

ಧಾರವಾಡದ ಮೇಲೆ ನನಗೆ ಗೌರವವಿದೆ. ಆದರೆ ಧಾರವಾಡವು ಆಕಾಶದಿಂದ ಇಳಿದು ಬಂದುದಲ್ಲ. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮೊದಲಾದವರು ಜನರಿಂದ ನಿಧಿ ಕೂಡಿಸಿದ್ದರಿಂದ 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. 1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯವು ಮೊದಲು ಮುಂಬಯಿಯಲ್ಲಿದ್ದು, 1950ರಲ್ಲಿ ಧಾರವಾಡಕ್ಕೆ ಬಂದಿತು. ಅಂದು ಯಾರಾದರೂ "ಮುಂಬಯಿ ಇದೆಯಲ್ಲ" ಎಂದು ಸುಮ್ಮನಾಗಿದ್ದರೆ ಇಂದು ನಾವು ಹೊಗಳುವ ವಿದ್ಯಾನಗರಿ ಎಲ್ಲಿರುತ್ತಿತ್ತು? ಮುರುಘಾಮಠದಂತಹ ಮಠಗಳು ಬಡ ಮಕ್ಕಳಿಗೆ ಉಚಿತ ಅನ್ನ, ಆಶ್ರಯ ನೀಡಿದವು. ಮನೆಯವರು ಕೋಣೆ ಬಿಟ್ಟುಕೊಟ್ಟರು. 1890ರಿಂದಲೇ ವಿದ್ಯಾವರ್ಧಕ ಸಂಘವಿತ್ತು. ಊರು ಮೊದಲೇ ಸಿದ್ಧವಿತ್ತು. ವಿಶ್ವವಿದ್ಯಾಲಯವು ಅಲ್ಲಿ ಬೇರುಬಿಟ್ಟಿತು.

ಹೊರದೇಶದ ನಿದರ್ಶನವೊಂದನ್ನೂ ನೋಡಿರಿ. ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ವಿಶ್ವವಿದ್ಯಾಲಯ ಬೇಕೆಂದು ಹಂಬಲಿಸಿದವರು ಆ ಊರಿನ ನಾಗರಿಕರು. ರಾಜಧಾನಿ ಕೋಪನ್‌ಹೇಗನ್ನಿನಲ್ಲಿ ಶತಮಾನಗಳ ಹಳೆಯ ವಿಶ್ವವಿದ್ಯಾಲಯವಿತ್ತು. ಆದರೂ 1928ರಲ್ಲಿ ಬಾಡಿಗೆಯ ಕೋಣೆಗಳಲ್ಲಿ ಕೇವಲ 64 ವಿದ್ಯಾರ್ಥಿಗಳೊಂದಿಗೆ ಪಾಠ ಆರಂಭಿಸಿದರು. ನಗರಸಭೆ ಭೂಮಿ ಕೊಟ್ಟಿತು. ಇಟ್ಟಿಗೆ ಕಾರ್ಖಾನೆಯವರು ಹಳದಿ ಇಟ್ಟಿಗೆಗಳನ್ನು ದಾನ ಮಾಡಿದರು. 1933ರಲ್ಲಿ ಮೊದಲ ಕಟ್ಟಡ ಎದ್ದಿತು. ಇಂದಿಗೂ ಆ ಉದ್ಯಾನದಲ್ಲಿ ವಿದ್ಯಾರ್ಥಿನಿಲಯಗಳಿವೆ. ಊರಿನವರು ಅಲ್ಲಿ ತಡೆಯಿಲ್ಲದೆ ತಿರುಗಾಡುತ್ತಾರೆ. ಅರವತ್ನಾಲ್ಕು ಮಂದಿಯನ್ನು ಕಂಡು "ಸಂಖ್ಯೆ ಸಾಲದು, ಮುಚ್ಚಿರಿ" ಎಂದು ಅಲ್ಲಿಯವರು ಹೇಳಲಿಲ್ಲ.

"ಪ್ರತಿ ಜಿಲ್ಲೆಗೊಂದು ಫಲಕ ತೂಗುಹಾಕಿದರೆ ಜ್ಞಾನ ಬೆಳೆಯುವುದೇ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅಧ್ಯಾಪಕರಿಲ್ಲದ ವಿಭಾಗ, ಪುಸ್ತಕವಿಲ್ಲದ ಗ್ರಂಥಾಲಯ ಯಾರಿಗೂ ಬೇಡ. ಆದರೆ ಹೊಲದಲ್ಲಿ ಬೆಳೆ ಸೊರಗಿದರೆ ನೀರು ಹಾಯಿಸಬೇಕೇ ಹೊರತು ಹೊಲವನ್ನೇ ಮಾರಬಾರದು.

ಬ್ಯಾಡಗಿ ತಾಲೂಕಿನ ಹಳ್ಳಿಯ ಒಬ್ಬ ಹುಡುಗಿಯನ್ನು ನೆನೆಯಿರಿ. ಹಾವೇರಿಗೆ ಮುಂಜಾನೆ ಹೋಗಿ ಸಂಜೆ ಮನೆಗೆ ಮರಳಬಹುದು. ಧಾರವಾಡವೆಂದರೆ ಕೋಣೆಯ ಬಾಡಿಗೆ, ಊಟದ ಖರ್ಚು, ಅದಕ್ಕೂ ಮಿಗಿಲಾಗಿ ತಂದೆತಾಯಿಗಳ ಅಂಜಿಕೆ. ಗಂಡುಮಗನಾದರೆ ಸಾಲ ಮಾಡಿಯಾದರೂ ಕಳಿಸುತ್ತಾರೆ. ಮಗಳಾದರೆ ಪದವಿ ಮುಗಿಯಿತೆಂದು ವರನನ್ನು ಹುಡುಕುತ್ತಾರೆ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿದ ನಾನು ಇಂತಹ ಎಷ್ಟು ಜಾಣ ಹುಡುಗಿಯರನ್ನು ಕಂಡಿದ್ದೇನೆ! "ಧಾರವಾಡ ಇದೆಯಲ್ಲ" ಎಂಬ ಮಾತಿನ ನಿಜವಾದ ಬೆಲೆ ತೆರುವವರು ಅವರು.

ಹಾಗೆಂದು ಎಲ್ಲವನ್ನೂ ಸರಕಾರದ ತಲೆಗೆ ಕಟ್ಟಿ ನಾವು ಕೈಕಟ್ಟಿ ಕೂಡುವಂತಿಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದವರು ಏಳು ಮಂದಿ ಶಿಕ್ಷಕರು. ಶಿರಸಂಗಿ ಲಿಂಗರಾಜರಂತಹ ದಾನಿಗಳ ಪರಂಪರೆ ನಮ್ಮ ನಾಡಿನದೇ. ಬ್ಯಾಡಗಿ ಮೆಣಸಿನಕಾಯಿಗೆ ದೇಶವೆಲ್ಲ ಗಿರಾಕಿ. ರಾಣೇಬೆನ್ನೂರಿನ ಬೀಜದ ವ್ಯಾಪಾರ ಎಲ್ಲರೂ ಬಲ್ಲದ್ದು. ಈ ಪೇಟೆಗಳಲ್ಲಿ ಗಳಿಸಿದ ನನ್ನ ವಿದ್ಯಾರ್ಥಿಗಳೇ, ಜಾತ್ರೆಗೆ, ಗೋಪುರಕ್ಕೆ ಕೊಡುವ ದೇಣಿಗೆಯಲ್ಲಿ ಒಂದು ಪಾಲನ್ನು ಹೆಣ್ಣುಮಕ್ಕಳ ವಸತಿನಿಲಯಕ್ಕೂ ಗ್ರಂಥಾಲಯಕ್ಕೂ ತೆಗೆದಿಡಿರಿ. ಹಾವೇರಿಯ ಮನೆಮಾಲೀಕರೇ, ಕೋಣೆ ಕೇಳಿ ಬಂದ ಮಕ್ಕಳಿಗೆ ಜಾತಿ ಕೇಳದೆ ಬಾಡಿಗೆ ಕೊಡಿರಿ. ಹೊರದೇಶದಲ್ಲಿರುವವರೇ, ಅಲ್ಲಿಯ ವಿದ್ಯಾನಗರಗಳನ್ನು ಕಂಡು ಬೆರಗಾದರೆ ಸಾಲದು. ಅವುಗಳ ಮೊದಲ ಇಟ್ಟಿಗೆ ಎಲ್ಲಿಂದ ಬಂದಿತೆಂದು ವಿಚಾರಿಸಿರಿ.

ಸರಕಾರವು ಫಲಕವನ್ನು ಹಾಕಬಲ್ಲದು, ತೆಗೆಯಬಲ್ಲದು. ಊರೇ ನೆಟ್ಟು ನೀರೆರೆದುದನ್ನು ಕೀಳುವುದು ಅಷ್ಟು ಸುಲಭವಲ್ಲ.