ದೊಡ್ಡವರೂ ಮಕ್ಕಳ ಕಥೆ ಓದಲಿ



ಈ ಸಲದ ಗೋಡೆ ಪತ್ರಿಕೆಗೆ ಎಲ್ಲರೂ ತಮ್ಮ ತಮ್ಮ ಅಭಿಪ್ರಾಯ ಬರೆದು ಕೊಡಬೇಕು ಎಂದು ಗುರುಗಳು ಹೇಳಿದರು. ಪರಿಸರ, ಸ್ವಚ್ಛತೆ, ಮೊಬೈಲಿನ ದುಷ್ಪರಿಣಾಮ ಇವನ್ನೆಲ್ಲ ಮುಂದಿನ ಬೆಂಚಿನವರು ಮೊದಲೇ ಹಂಚಿಕೊಂಡುಬಿಟ್ಟರು. ಹಾಗಾಗಿ ನಾನು ನಮ್ಮ ಮನೆಯ ಅಟ್ಟದಲ್ಲಿ ಸಿಕ್ಕಿದ ವಿಷಯವನ್ನೇ ಬರೆಯುತ್ತೇನೆ. ಇದರಲ್ಲಿ ದೊಡ್ಡವರಿಗೂ ಒಂದು ಮಾತು ಹೇಳಲಿಕ್ಕಿದೆ. ಸಿಟ್ಟು ಮಾಡಿಕೊಳ್ಳಬಾರದು.

ಕಳೆದ ದೀಪಾವಳಿಗೆ ಮನೆ ಚೊಕ್ಕ ಮಾಡುವಾಗ ಅಟ್ಟದಿಂದ ಒಂದು ಕಟ್ಟು ಇಳಿಯಿತು. ಬಿಚ್ಚಿ ನೋಡಿದರೆ ಹಳೇ ಚಂದಮಾಮಗಳು. ಎಣಿಸಿದೆ, ನಲವತ್ಮೂರು ಇದ್ದವು. ಕೆಲವಕ್ಕೆ ಒರಲೆ ಹಿಡಿದಿತ್ತು, ಕೆಲವಕ್ಕೆ ರಟ್ಟೇ ಇರಲಿಲ್ಲ. ಅಪ್ಪ ನೋಡಿ, "ಮಕ್ಕಳ ಪುಸ್ತಕ. ಈಗ ಯಾರು ಓದ್ತಾರೆ? ಗುಜರಿಯವ ಬಂದಾಗ ಹಾಕಿದರಾಯ್ತು" ಅಂದರು. ಜಗಲಿಯಲ್ಲಿ ಕೂತಿದ್ದ ಅಜ್ಜಿಗೆ ಇದು ಕೇಳಿಸಿತು. ಅಜ್ಜಿಗೆ ಎರಡು ವರ್ಷದಿಂದ ಅಕ್ಷರ ಕಾಣುವುದಿಲ್ಲ. ಅವರು ಜಗಳ ಮಾಡಲಿಲ್ಲ. "ಹಾಕುವುದಾದರೆ ಹಾಕಿ. ಅದಕ್ಕೂ ಮೊದಲು ಯಾರಾದರೂ ಒಂದು ಸಲ ನಂಗೆ ಓದಿ ಹೇಳಿ" ಅಂದರು ಅಷ್ಟೆ. ಆ ಕೆಲಸ ನನ್ನ ತಲೆಗೆ ಬಂತು.

ಚಂದಮಾಮ ಎಂದರೆ ಏನು ಎಂದು ನಮ್ಮ ತರಗತಿಯ ಅನೇಕರಿಗೆ ಗೊತ್ತಿಲ್ಲ. ನಂಗೂ ಗೊತ್ತಿರಲಿಲ್ಲ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಎಂಬ ಇಬ್ಬರು 1947ರ ಜುಲೈಯಲ್ಲಿ ಮದರಾಸಿನಿಂದ ಅದನ್ನು ಶುರು ಮಾಡಿದರು. ಅಂದರೆ ನಮ್ಮ ದೇಶದ ಸ್ವಾತಂತ್ರ್ಯಕ್ಕಿಂತ ಒಂದು ತಿಂಗಳು ದೊಡ್ಡದು. ಮೊದಲು ತೆಲುಗು ಮತ್ತು ತಮಿಳಿನಲ್ಲಿ, 1949ರಿಂದ ಕನ್ನಡದಲ್ಲೂ ಬಂತು. ಆಮೇಲೆ ಇನ್ನೂ ಎಷ್ಟೋ ಭಾಷೆಗಳಲ್ಲಿ ಬಂತು. ಅದರಲ್ಲಿ ರಾಕ್ಷಸರು, ಮಾಂತ್ರಿಕರು, ಮಾತಾಡುವ ಹಕ್ಕಿಗಳು ಇರುವ ಉದ್ದುದ್ದ ಧಾರಾವಾಹಿಗಳು ಇರುತ್ತಿದ್ದವು. ತಿಂಗಳಿಗೆ ಒಂದು ಕಂತು. ಬೇತಾಳನ ಕಥೆಯಂತೂ ಇದ್ದೇ ಇರುತ್ತಿತ್ತು. ರಾಜ ಹೆಣ ಹೊತ್ತುಕೊಂಡು ನಡೆಯುತ್ತಾನೆ, ಹೆಣದೊಳಗಿನ ಬೇತಾಳ ಕಥೆ ಹೇಳಿ ಪ್ರಶ್ನೆ ಕೇಳುತ್ತದೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಹೋಳಾಗುತ್ತದೆ, ಹೇಳಿದರೆ ಮೌನ ಮುರಿದು ಹೆಣ ಪುನಃ ಮರಕ್ಕೆ ಹೋಗುತ್ತದೆ. ಹಳೇ ಸಂಸ್ಕೃತ ಕಥೆಗಳು ಇಪ್ಪತ್ತೈದೇ. ಅವು ಮುಗಿದರೂ ಚಂದಮಾಮದವರು ಹೊಸ ಹೊಸ ಕಥೆ ಕಟ್ಟಿ ಹಲವಾರು ವರ್ಷ ರಾಜನನ್ನು ನಡೆಸಿದರು. ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ ಇರುವ ಆ ರಾಜನ ಚಿತ್ರ ಬರೆದವರು ಶಂಕರ್ ಎಂಬ ಕಲಾವಿದರು. ಅವರು 2020ರಲ್ಲಿ ತೀರಿಕೊಂಡರು. ಪತ್ರಿಕೆ 2013ರ ಹೊತ್ತಿಗೇ ನಿಂತುಹೋಗಿತ್ತು. ಹೆಚ್ಚುಕಡಿಮೆ ನಾವೆಲ್ಲ ಹುಟ್ಟಿದ ಕಾಲ ಅದು. ಹಾಗಾಗಿ ಅಂಗಡಿಯಲ್ಲಿ ಹೊಸ ಚಂದಮಾಮ ಕೊಳ್ಳುವ ಯೋಗ ನಮಗೆ ಬರಲಿಲ್ಲ.

ನಮ್ಮ ಅಜ್ಜಿ ಓದಿದ್ದು ಮುಲ್ಕಿಯವರೆಗೆ, ಅಂದರೆ ಏಳನೇ ಇಯತ್ತೆ. ಈಗ ನಾನು ಓದುತ್ತಿರುವುದೂ ಅಷ್ಟೇ. ಅಪ್ಪ ಮತ್ತು ಚಿಕ್ಕಪ್ಪ ಸಣ್ಣವರಿದ್ದಾಗ ಮಳೆಗಾಲದಲ್ಲಿ ಕರೆಂಟು ಹೋದರೆ ಅಜ್ಜಿ ಚಿಮಣಿ ದೀಪದ ಬುಡದಲ್ಲಿ ಕೂತು ಈ ಪುಸ್ತಕಗಳನ್ನೇ ಗಟ್ಟಿಯಾಗಿ ಓದುತ್ತಿದ್ದರಂತೆ. ಈಗ ನಾನು ಓದುತ್ತೇನೆ, ಅಜ್ಜಿ ಕೇಳುತ್ತಾರೆ. ನಾನು ಎಲ್ಲಾದರೂ ಓಡಿಸಿಕೊಂಡು ಓದಿದರೆ, "ಅದು ಹಂಗಲ್ದೇ ಕೂಸೆ, ಒಂದು ಸಾಲು ಬಿಟ್ಟೆ" ಅನ್ನುತ್ತಾರೆ. ತಿರುಗಿ ನೋಡಿದರೆ ಬಿಟ್ಟದ್ದು ಖರೇ! ಮೂವತ್ತು ವರ್ಷದ ಹಿಂದೆ ಓದಿದ್ದು ಅವರಿಗೆ ಹೇಗೆ ನೆನಪಿದೆಯೋ ದೇವರೇ ಬಲ್ಲ.

ಮೊದಲ ವಾರ ಅಪ್ಪ ಹತ್ತಿರ ಬರಲಿಲ್ಲ. ಎರಡನೇ ವಾರ ಒಳಗೆ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದರು. ಒಂದು ಧಾರಾವಾಹಿ ಇತ್ತು. ಮೊದಲ ಪುಟ ಹರಿದಿದ್ದರಿಂದ ಅದರ ಹೆಸರು ಗೊತ್ತಿಲ್ಲ. ಅದರಲ್ಲಿ ಒಬ್ಬ ಮಾಂತ್ರಿಕ ಗುಹೆಯೊಳಗೆ ಕೂಗುವ ಜಾಗ ಬಂತು. ನಾನು ಸಾದಾ ಓದಿದೆ. ಅಪ್ಪನಿಗೆ ತಡೆಯಲಾಗಲಿಲ್ಲ. "ಹಂಗೆ ಓದಿದ್ರೆ ಯಾರಿಗೆ ಹೆದರಿಕೆ ಆಗ್ತದೆ? ಇಲ್ಲಿ ತಾ" ಅಂತ ಪುಸ್ತಕ ಕಸಿದುಕೊಂಡು ದಪ್ಪ ಸ್ವರದಲ್ಲಿ ಓದಿದರು. ಅಜ್ಜಿ ನಕ್ಕು, "ಇದೇ ಪುಟಕ್ಕೆ ನೀನು ಹೆದರಿ ನನ್ನ ಸೆರಗು ಹಿಡ್ಕಂಡಿದ್ದೆ" ಅಂದರು. ಅಪ್ಪ ಏನೂ ಹೇಳದೆ ಆ ಕಂತನ್ನು ಕೊನೆಯವರೆಗೆ ಓದಿದರು. ಆಮೇಲೆ ಗುಜರಿಯ ಸುದ್ದಿ ಬರಲಿಲ್ಲ.

ಇನ್ನು ಕೇಳುವ ಕಥೆಯ ವಿಚಾರ. ತೇರಿಗೆ ಬೆಂಗಳೂರಿನಿಂದ ಚಿಕ್ಕಪ್ಪ ಬಂದಿದ್ದರು. ನಮ್ಮ ಮನೆಯಲ್ಲಿ ಒಂದು ವಾಲಿವಧೆ ತಾಳಮದ್ದಲೆಯ ಕ್ಯಾಸೆಟ್ ಇದೆ. ಊರಲ್ಲೇ ಆದ ತಾಳಮದ್ದಲೆಯನ್ನು ನಮ್ಮ ಅಜ್ಜ ಟೇಪ್ ರೆಕಾರ್ಡರ್ ತಗೊಂಡುಹೋಗಿ ತುಂಬಿಸಿಕೊಂಡು ಬಂದದ್ದು. ಚೀಟಿ ಉದುರಿಹೋಗಿದೆ, ಅರ್ಥ ಹೇಳಿದವರು ಯಾರು ಎಂದು ಬರೆದಿಲ್ಲ. ಚಿಕ್ಕಪ್ಪ ಅದನ್ನು ಮೊಬೈಲಿಗೆ ಹಾಕಿಸಿಕೊಂಡು ಬೆಂಗಳೂರಿನ ಬಸ್ಸಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು ಕೇಳುತ್ತಾರಂತೆ. "ಆದರೆ ಸಣ್ಣಕಿದ್ದಾಗಿನ ಹಾಗೆ ಆಗೂದಿಲ್ಲ" ಅಂದರು. ಆ ದಿನ ರಾತ್ರಿ ಜಗಲಿಯಲ್ಲಿ ಎಲ್ಲರೂ ಕೂತು ಅಡಿಕೆ ಸುಲಿಯುತ್ತಿದ್ದೆವು. ಚಿಕ್ಕಪ್ಪ ಮೊಬೈಲನ್ನು ಒಂದು ಖಾಲಿ ಕೊಡಪಾನದೊಳಗೆ ಇಟ್ಟು ಅದೇ ತಾಳಮದ್ದಲೆ ಹಚ್ಚಿದರು, ಸ್ವರ ದೊಡ್ಡದಾಗಲಿ ಎಂದು. ಅರ್ಥಧಾರಿ ಹೇಳುವುದಕ್ಕಿಂತ ಮೊದಲೇ ಚಿಕ್ಕಪ್ಪ ನಗುತ್ತಿದ್ದರು. ವಾಲಿ ಬಿದ್ದ ಮೇಲೆ ಒಂದು ಕಡೆ ಎಲ್ಲ ಸುಮ್ಮನಾಗುತ್ತದೆ, ಆಗ ಸಭೆಯಲ್ಲಿ ಯಾರೋ ಕೆಮ್ಮುತ್ತಾರೆ. ಅಜ್ಜಿ, ಅಪ್ಪ, ಚಿಕ್ಕಪ್ಪ ಮೂವರ ಕೈಯೂ ನಿಂತಿತು. ಅದು ಅಜ್ಜನ ಕೆಮ್ಮಂತೆ. ನಾನು ಅಜ್ಜನನ್ನು ನೋಡಿಲ್ಲ. ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದಾರೆ. ನಾನು ಕೇಳಿದ ಅವರ ಸ್ವರ ಅದೊಂದೇ.

ಮರುದಿನ ಚಿಕ್ಕಪ್ಪ, "ನಿನ್ನೆ ಸಣ್ಣಕಿದ್ದಾಗಿನ ಹಾಗೇ ಆಯ್ತು" ಅಂದರು. ನಾನು ವಿಚಾರ ಮಾಡಿದೆ. ಬಸ್ಸಿನಲ್ಲಿ ಕೇಳಿದ್ದೂ ಅದೇ, ಜಗಲಿಯಲ್ಲಿ ಕೇಳಿದ್ದೂ ಅದೇ. ಕಥೆ ಬದಲಾಗಿಲ್ಲ, ಸುತ್ತ ಕೂತವರು ಬದಲಾದರು. ದೊಡ್ಡವರು ಹಳೇ ಕಥೆ ಓದಿ "ಈಗ ರುಚಿ ಇಲ್ಲ" ಅನ್ನುವುದು ಒಬ್ಬರೇ ಓದಿದ್ದಕ್ಕೆ ಇರಬಹುದು ಎಂದು ನನ್ನ ಅಭಿಪ್ರಾಯ.

ಇದು ಮಕ್ಕಳಾಟ, ನಮಗೆ ನಾಚಿಕೆ ಎಂದು ಕೆಲವರು ಹೇಳಬಹುದು. ಅವರಿಗೆ ನಂದೊಂದು ಪ್ರಶ್ನೆ. ನಮ್ಮ ಇಡಗುಂಜಿಯ ಹೆಸರಿನಲ್ಲೇ ಒಂದು ಮೇಳ ಇದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಶ್ರೀ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ. ಅವರ ಮಗ ಶಂಭು ಹೆಗಡೆಯವರು 2009ರಲ್ಲಿ, ಆ ಮೇಳದಲ್ಲಿ ಬಹಳ ಕಾಲ ಹಾಡಿದ ನೆಬ್ಬೂರು ನಾರಾಯಣ ಭಾಗವತರು 2019ರಲ್ಲಿ ತೀರಿಕೊಂಡರು. ಆದರೂ ಮೇಳ ನಡೆಯುತ್ತಿದೆ. ಆಟದಲ್ಲಿ ಬರುವುದೆಲ್ಲ ಎಂತದು? ಹತ್ತು ತಲೆಯ ರಾವಣ, ಹಾರುವ ಹನುಮಂತ, ಜಿಂಕೆಯಾಗುವ ಮಾರೀಚ. ಕಥೆಯ ಕೊನೆ ಎಲ್ಲರಿಗೂ ಗೊತ್ತು. ಆದರೂ ತಲೆ ನೆರೆತವರೇ ಮುಂದಿನ ಸಾಲಿನಲ್ಲಿ ಚಾಪೆ ಹಾಸಿ ಕೂರುತ್ತಾರೆ. ಕಾಳಿಂಗ ನಾವಡರು 1990ರಲ್ಲೇ ಹೋದರು, ಅವರ ಪದ್ಯಗಳನ್ನು ಜನ ಈಗಲೂ ಹುಡುಕಿ ಕೇಳುತ್ತಾರೆ. ಸಣ್ಣಕಿದ್ದಾಗ ಕೇಳಿದ್ದನ್ನು ಪುನಃ ಕೇಳುವುದು ನಮ್ಮ ಕಡೆಯ ದೊಡ್ಡವರಿಗೆ ಹೊಸತೇ ಅಲ್ಲ. ಆಟಕ್ಕೆ ಇಲ್ಲದ ನಾಚಿಕೆ ಪುಸ್ತಕಕ್ಕೆ ಎಂತಕ್ಕೆ?

ಹೊರದೇಶದಲ್ಲೂ ಹೀಗೇ ಇದೆ. ಇಂಗ್ಲೆಂಡಿನಲ್ಲಿ 1862ರ ಜುಲೈಯಲ್ಲಿ ಗಣಿತದ ಮಾಸ್ತರರೊಬ್ಬರು ಮೂರು ಹುಡುಗಿಯರನ್ನು ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾ ಒಂದು ಕಥೆ ಹೇಳಿದರು. ಆಲಿಸ್ ಎಂಬ ಹುಡುಗಿ ಬರೆದುಕೊಡಿ ಎಂದು ಹಟ ಮಾಡಿದಳು. ಅದು 1865ರಲ್ಲಿ ಪುಸ್ತಕವಾಗಿ ಲೋಕವೆಲ್ಲ ತಿರುಗಿತು. ಲೂಯಿ ಕ್ಯಾರಲ್ ಎಂಬುದು ಅವರು ಇಟ್ಟುಕೊಂಡ ಹೆಸರು. ಕನ್ನಡದಲ್ಲಿ ನಾ. ಕಸ್ತೂರಿಯವರು ಅದನ್ನು 'ಪಾತಾಳದಲ್ಲಿ ಪಾಪಚ್ಚಿ' ಎಂದು ಮಾಡಿದ್ದಾರೆ. ನಮ್ಮ ಶರಾವತಿಯಲ್ಲೂ ದೋಣಿ ಇದೆ, ಗಣಿತದ ಮಾಸ್ತರರೂ ಇದ್ದಾರೆ! (ಗುರುಗಳು ಕ್ಷಮಿಸಬೇಕು.) ನಾನು ಹೇಳುವುದು ಇಷ್ಟೇ, ಆ ಕಥೆ ಕೂಡ ಮೊದಲು ಕಿವಿಗೆ ಬಂದು ಆಮೇಲೆ ಕಾಗದಕ್ಕೆ ಹೋದದ್ದು.

ಆದರೆ ಹಳೇದೆಲ್ಲ ಚಿನ್ನ ಎಂದು ನಾನು ಹೇಳುವುದಿಲ್ಲ. ಓದುತ್ತಾ ಓದುತ್ತಾ ನಂಗೆ ಕೆಲವು ಸರಿ ಕಾಣಲಿಲ್ಲ. ರಾಕ್ಷಸನನ್ನು ಕೊಂದವನಿಗೆ ರಾಜ ಅರ್ಧ ರಾಜ್ಯ ಮತ್ತು ಮಗಳನ್ನು ಕೊಡುತ್ತಾನೆ. ಮಗಳನ್ನು ಯಾರೂ ಒಂದು ಮಾತು ಕೇಳುವುದಿಲ್ಲ. ಮಲತಾಯಿ ಎಂದರೆ ಕೆಟ್ಟವಳೇ. ಕಪ್ಪಗಿದ್ದವರು ರಾಕ್ಷಸರೇ. ನಾನು ಅಜ್ಜಿಗೆ ಇದನ್ನು ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಓದುವಾಗ ಹಂಗೆ ಅನ್ನಿಸಿದ್ದೇ ಇಲ್ಲೆ. ನನ್ನನ್ನೂ ಯಾರೂ ಕೇಳಲಿಲ್ಲೆ" ಅಂದರು. ಅಜ್ಜಿಯ ಮದುವೆ ಹದಿನೇಳನೇ ವರ್ಷಕ್ಕೆ ಆದದ್ದು ಎಂದು ನಂಗೆ ಆ ದಿನ ಗೊತ್ತಾಯಿತು. ಆ ಕಥೆ ಓದದಿದ್ದರೆ ಅಜ್ಜಿ ಈ ಮಾತು ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ.

ತಪ್ಪು ಇದೆ ಎಂದು ಕಥೆಯನ್ನೇ ಬಿಸಾಡಬೇಕೇ? ಬೇಡ. ತಾಳಮದ್ದಲೆಯಲ್ಲಿ ಬಾಣ ತಾಗಿ ಬಿದ್ದ ವಾಲಿ ರಾಮನನ್ನೇ ಕೇಳುತ್ತಾನೆ, ಮರದ ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು. ರಾಮನೂ ಉತ್ತರ ಹೇಳಲೇಬೇಕು. ತಾಸುಗಟ್ಟಲೆ ವಾದ ನಡೆಯುತ್ತದೆ. ವೇಷ ಇಲ್ಲ, ಕುಣಿತ ಇಲ್ಲ, ಬರೀ ಪದ್ಯ ಮತ್ತು ಮಾತು. ಆದರೂ ಯಾರೂ ಏಳುವುದಿಲ್ಲ. ರಾಮಾಯಣವನ್ನೇ ಹೀಗೆ ಪ್ರಶ್ನೆ ಕೇಳಬಹುದಾದರೆ ಚಂದಮಾಮವನ್ನು ಕೇಳಬಾರದೇ? ಸಣ್ಣಕಿದ್ದಾಗ ಓದುವುದು ಮುಂದೆ ಏನಾಯಿತು ಎಂದು ತಿಳಿಯಲಿಕ್ಕೆ. ದೊಡ್ಡವರಾದ ಮೇಲೆ ಓದುವುದು ಅದು ಸರಿಯೋ ತಪ್ಪೋ ಎಂದು ಕೇಳಲಿಕ್ಕೆ. ಎರಡೂ ಬೇಕು. ಮಕ್ಕಳು, ದೊಡ್ಡವರು ಒಟ್ಟಿಗೆ ಕೂತರೆ ಎರಡೂ ಒಂದೇ ಸಲಕ್ಕೆ ಆಗುತ್ತದೆ.

ಪುರುಸೊತ್ತಿಲ್ಲ ಎಂದು ದೊಡ್ಡವರು ಹೇಳುತ್ತಾರೆ. ಖರೇ, ತೋಟ, ಗದ್ದೆ, ಅಂಗಡಿ, ಆಫೀಸು ಎಲ್ಲ ಇದೆ. ಆದರೆ ಒಂದು ಕಂತು ಓದಲಿಕ್ಕೆ ಹತ್ತು ಹದಿನೈದು ನಿಮಿಷ ಸಾಕು, ನಾನು ಗಡಿಯಾರ ನೋಡಿದ್ದೇನೆ. ಅಡಿಕೆ ಸುಲಿಯುವಾಗ, ಹೂ ಕಟ್ಟುವಾಗ ಕೈಗೆ ಕೆಲಸ, ಕಿವಿ ಖಾಲಿ. ಮೊಬೈಲಿನಲ್ಲಿ ಕಥೆ ಕೇಳುವುದೂ ತಪ್ಪಲ್ಲ. ಕಿವಿಗೆ ಸಿಕ್ಕಿಸಿಕೊಂಡು ಒಬ್ಬರೇ ಕೇಳುವ ಬದಲು ಕೊಡಪಾನದಲ್ಲಿ ಇಟ್ಟು ಎಲ್ಲರೂ ಕೇಳಿದರೆ ಒಳ್ಳೆಯದು.

ಅದಕ್ಕೆ ನನ್ನದು ಎರಡು ವಿನಂತಿ. ಒಂದನೆಯದು ಗುರುಗಳಿಗೆ. ಶನಿವಾರದ ಕೊನೆಯ ಅವಧಿಯಲ್ಲಿ ಊರಿನ ಒಬ್ಬ ಅಜ್ಜ ಅಥವಾ ಅಜ್ಜಿ, ಇಲ್ಲವಾದರೆ ಯಾರದಾದರೂ ಅಪ್ಪ ಅಮ್ಮ ಶಾಲೆಗೆ ಬಂದು ತಾವು ಸಣ್ಣವರಿದ್ದಾಗ ಓದಿದ ಒಂದು ಕಥೆಯನ್ನು ನಮಗೆ ಗಟ್ಟಿಯಾಗಿ ಓದಲಿ. ಓದಿದ ಮೇಲೆ ನಾವು ಪ್ರಶ್ನೆ ಕೇಳುತ್ತೇವೆ, ಅವರು ಉತ್ತರ ಕೊಡಬೇಕು. ಓದಲಿಕ್ಕೆ ಬಾರದವರು ಬಾಯಲ್ಲೇ ಹೇಳಲಿ. ಗುರುಗಳೂ ಒಂದು ದಿನ ತಮ್ಮ ಕಥೆ ತರಲಿ.

ಎರಡನೆಯದು ನಿಮಗೆಲ್ಲರಿಗೆ. ಆ ಹೆಸರಿಲ್ಲದ ಧಾರಾವಾಹಿಯ ಕೊನೆಯ ಕಂತು ನಮ್ಮ ಕಟ್ಟಿನಲ್ಲಿ ಇಲ್ಲ. ಮಾಂತ್ರಿಕ ಗುಹೆಯೊಳಗೇ ಕಲ್ಲಾದ ಎಂದು ಅಪ್ಪ ಹೇಳುತ್ತಾರೆ. ಅಲ್ಲ, ಅವನು ಕ್ಷಮೆ ಕೇಳಿ ಕಾಡಿಗೆ ಹೋದ ಎಂದು ಅಜ್ಜಿ. ಚಿಕ್ಕಪ್ಪನಿಗೆ ಫೋನು ಮಾಡಿದರೆ ಅವರು ಮೂರನೆಯದೇ ಒಂದು ಹೇಳಿದರು. ನಿಮ್ಮ ನಿಮ್ಮ ಮನೆಯ ಅಟ್ಟದಲ್ಲಿ ಹಳೇ ಚಂದಮಾಮ ಇದ್ದರೆ ಗುಜರಿಗೆ ಹಾಕುವ ಮೊದಲು ದಯವಿಟ್ಟು ಒಮ್ಮೆ ನನಗೆ ತೋರಿಸಿ. ಓದಿ ಜೋಪಾನವಾಗಿ ವಾಪಸ್ ಕೊಡುತ್ತೇನೆ. ಅಜ್ಜಿ ದಿನಾ ಸಂಜೆ, "ಸಿಕ್ಕಿತನೇ?" ಎಂದು ಕೇಳುತ್ತಾರೆ.

ನನ್ನ ಬರಹದಲ್ಲಿ ತಪ್ಪಿದ್ದರೆ ದೊಡ್ಡವರು ತಿದ್ದಬೇಕೆಂದು ಕೇಳಿಕೊಂಡು ಮುಗಿಸುತ್ತೇನೆ.

ಇಂತಿ,
ಏಳನೇ ತರಗತಿಯ ವಿದ್ಯಾರ್ಥಿನಿ
ಇಡಗುಂಜಿ