ಮಸ್ಕಿ ಇರುವ ಸರೋವರ ಯಾರ ಗುಟ್ಟು?

ಅಮೆರಿಕದ ವಿಸ್ಕಾನ್ಸಿನ್, ಮಿನ್ನೆಸೋಟ ರಾಜ್ಯಗಳಲ್ಲಿ ಮಸ್ಕಿ ಎಂಬ ಮೀನನ್ನು ಹಿಡಿಯಲು ಹೊರಟವರಿಗೆ ಗಾಳ, ದೋಣಿಗಿಂತ ಮೊದಲು ಬೇಕಾಗುವುದು ಮಾಹಿತಿ: ಊರ ಹತ್ತಿರದ ಯಾವ ಸರೋವರದಲ್ಲಿ ಈ ಮೀನು ಇದೆ? ನಾಲ್ಕಡಿ ಮೀರಿ ಬೆಳೆಯಬಲ್ಲ ಈ ಬೇಟೆಗಾರ ಮೀನು ಒಳ್ಳೆಯ ಸರೋವರದಲ್ಲೂ ವಿರಳ. ಹತ್ತು ಸಾವಿರ ಸಲ ಗಾಳ ಎಸೆದರೆ ಒಂದು ಸಿಕ್ಕೀತು ಎಂಬ ಮಾತೇ ಅಲ್ಲಿ ರೂಢಿಯಲ್ಲಿದೆ. ಹಾಗಾಗಿ ಗೊತ್ತಿದ್ದವರು ಜಾಗ ಹೇಳುವುದಿಲ್ಲ. ಸರ್ಕಾರವೂ ಹೇಳಬಾರದು ಎನ್ನುವವರಿದ್ದಾರೆ. ಇದು ತಪ್ಪು. ಒಬ್ಬ ವ್ಯಕ್ತಿ ತನ್ನ ಜಾಗವನ್ನು ಮುಚ್ಚಿಡಲಿ, ಅದು ಅವನಿಷ್ಟ. ಸರ್ಕಾರಿ ಇಲಾಖೆಯ ದಾಖಲೆ ಮಾತ್ರ ಎಲ್ಲರಿಗೂ ಸಿಗಲೇಬೇಕು.

ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆಯ 'ಲೇಕ್‌ಫೈಂಡರ್'ನಲ್ಲಿ ಸರೋವರದ ಹೆಸರು ಹಾಕಿದರೆ ವಿಸ್ತೀರ್ಣ, ಆಳ, ಸಮೀಕ್ಷೆಯ ಬಲೆಗೆ ಬಿದ್ದ ಮೀನುಗಳು, ಇಲಾಖೆ ಸಾಕಿದ ಮರಿಗಳನ್ನು ಯಾವ ವರ್ಷ ಎಷ್ಟು ಬಿಟ್ಟರು ಎಂಬ ವಿವರ ಸಿಗುತ್ತದೆ. ಇದನ್ನು ಓದಲು ಸ್ವಲ್ಪ ತಾಳ್ಮೆ ಬೇಕು. ಮಸ್ಕಿ 40 ಅಂಗುಲಕ್ಕೆ ಬರಲು ಸಾಮಾನ್ಯವಾಗಿ ಏಳೆಂಟು ವರ್ಷ ಬೇಕಾದ್ದರಿಂದ, ಹೋದ ವರ್ಷ ಮರಿ ಬಿಟ್ಟ ಸರೋವರಕ್ಕೆ ಈಗ ಹೋಗಿ ಪ್ರಯೋಜನವಿಲ್ಲ; ದಶಕದಿಂದ ಬಿಡುತ್ತಾ ಬಂದಿರುವ ಕಡೆ ನೋಡಬೇಕು. ಮಿನ್ನಿಯಾಪೊಲಿಸ್ ಸುತ್ತಲಿನ ಕೆಲವು ಪುಟ್ಟ ಸರೋವರಗಳಿಗೆ ನಾರ್ದರ್ನ್ ಪೈಕ್ ಎಂಬ ಮೀನಿನ ಜೊತೆಗಿನ ಮಿಶ್ರತಳಿಯಾದ ಟೈಗರ್ ಮಸ್ಕಿಯನ್ನು ಬಿಡುತ್ತಾರೆ. ಹೊಸಬರು ಗಂಟೆಗಟ್ಟಲೆ ಕಾರು ಓಡಿಸಿ ಮಸ್ಕಿಗೆ ಹೆಸರಾದ ಲೀಚ್ ಲೇಕ್‌ಗೆ ಹೋಗಬೇಕಿಲ್ಲ ಎಂದು ತಿಳಿಯುವುದು ಈ ದಾಖಲೆಯಿಂದಲೇ. ಈ ಮರಿ ಸಾಕುವ ಖರ್ಚಿಗೆ ಮೀನು ಹಿಡಿಯುವವರು ಕಟ್ಟುವ ಲೈಸೆನ್ಸ್ ಶುಲ್ಕವೂ ಸೇರುತ್ತದೆ. ವಿಸ್ಕಾನ್ಸಿನ್‌ನಲ್ಲಂತೂ ದೋಣಿ ಸಾಗುವ ನೀರನ್ನು ರಾಜ್ಯ ಸರ್ಕಾರ ಜನರ ಪರವಾಗಿ ಕಾಯಬೇಕೆಂಬುದು ಕಾನೂನಿನ ತತ್ವ. ಎಲ್ಲರ ದುಡ್ಡು, ಎಲ್ಲರ ನೀರು. ಮಾಹಿತಿ ಮಾತ್ರ ಕೆಲವರದ್ದು ಎನ್ನುವುದು ಯಾವ ನ್ಯಾಯ?

ಜನ ಮುಗಿಬಿದ್ದರೆ ಮೀನು ಉಳಿಯುವುದಿಲ್ಲ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಬೇಸಿಗೆಯ ಬಿಸಿ ನೀರಿನಲ್ಲಿ ಗಾಳಕ್ಕೆ ಸಿಕ್ಕಿ ಹೆಣಗಾಡಿದ ದೊಡ್ಡ ಮಸ್ಕಿ, ಮರಳಿ ನೀರಿಗೆ ಬಿಟ್ಟ ಮೇಲೂ ಸಾಯಬಹುದು. ಆದರೆ ಗುಟ್ಟು ಮಾಡಿದರೆ ಗಾಳ ಹಾಕುವವರು ಕಡಿಮೆಯಾಗುವುದಿಲ್ಲ, ಹೆಸರುವಾಸಿಯಾದ ನಾಲ್ಕಾರು ಸರೋವರಗಳಲ್ಲೇ ದಟ್ಟಣೆ ಹೆಚ್ಚುತ್ತದೆ. ಮೀನನ್ನು ಕಾಯುವುದು ನಿಯಮ ಮತ್ತು ಹಿಡಿದವರ ಕೈ. ಮಿನ್ನೆಸೋಟ 2015ರಲ್ಲಿ, ಮನೆಗೊಯ್ಯುವ ಮಸ್ಕಿ ಕನಿಷ್ಠ 54 ಅಂಗುಲ ಇರಬೇಕೆಂದು ಮಿತಿ ಏರಿಸಿತು. ಪಳಗಿದವರು ಅಗಲ ಬಲೆಯಲ್ಲಿ ಮೀನನ್ನು ನೀರೊಳಗೇ ನಿಲ್ಲಿಸಿ, ಉದ್ದ ಇಕ್ಕಳದಿಂದ ಕೊಕ್ಕೆ ಬಿಡಿಸುತ್ತಾರೆ. ಬರದಿದ್ದರೆ ಕೊಕ್ಕೆಯನ್ನೇ ಕತ್ತರಿಸುತ್ತಾರೆ. ನೀರು 27 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ಆ ದಿನ ಗಾಳವನ್ನೇ ಹಾಕುವುದಿಲ್ಲ. ಈ ತಿಳಿವಳಿಕೆ ಹೊಸಬರಿಗೆ ತಲುಪಿಸಲು ಮರಿ ಬಿಟ್ಟ ಲೆಕ್ಕದ ಪುಟಕ್ಕಿಂತ ಒಳ್ಳೆಯ ಜಾಗವಿಲ್ಲ, ಏಕೆಂದರೆ ಅವರು ಮೊದಲು ಬರುವುದೇ ಅಲ್ಲಿಗೆ.

ಎಲ್ಲ ಮೀನಿಗೂ ಈ ವಾದ ಒಪ್ಪುತ್ತದೆ ಎಂದಲ್ಲ. ಅಳಿವಿನಂಚಿಗೆ ಬಂದಿರುವ ನಮ್ಮ ಕಾವೇರಿಯ ಮಹಶೀರ್‌ಗೆ ಡೈನಮೈಟ್ ಸಿಡಿಸುವವರ ಭಯವಿದೆ. ಅದರ ಮಡುಗಳನ್ನು ಗುಟ್ಟಾಗಿಡುವುದೇ ಸರಿ. ಇಲಾಖೆಯೇ ಸಾಕಿ, ಜನ ಹಿಡಿಯಲೆಂದೇ ಬಿಟ್ಟ ಮಸ್ಕಿಯ ವಿಷಯದಲ್ಲಿ ಅಂಥ ಕಾರಣವಿಲ್ಲ.